ಮಳವಳ್ಳಿಯಿಂದ ಬಂದ ಹಕಾರ

ಮನುಷ್ಯರಿಗೆ ಬರುವ ಕಾಯಿಲೆಗಳಲ್ಲಿ ಕೆಲವನ್ನು ಹೇಳಿಕೊಂಡರೆ ಮರ್ಯಾದೆ ಹೆಚ್ಚುತ್ತದೆ. ಬಿ.ಪಿ., ಶುಗರ್ ಇದೆಯೆಂದವರಿಗೆ ಮದುವೆಮನೆಯಲ್ಲಿ ಕುರ್ಚಿ ತಂದು ಹಾಕಿ, ಸಕ್ಕರೆಯಿಲ್ಲದ ಕಾಫಿ ಕೊಟ್ಟು ವಿಚಾರಿಸಿಕೊಳ್ಳುತ್ತಾರೆ. ನನ್ನ ಕಾಯಿಲೆ ಗೊತ್ತಾದರೂ ಕುರ್ಚಿ ಎತ್ತಿಕೊಳ್ಳುತ್ತಾರೆ, ಆದರೆ ಕೂರಿಸುವುದಕ್ಕಲ್ಲ. ಎದುರಿಗಿರುವವರು ಹೇಗೆ ಮಾತಾಡುತ್ತಾರೋ, ಸ್ವಲ್ಪ ಹೊತ್ತಿನಲ್ಲೇ ನನ್ನ ಬಾಯಿಯೂ ಹಾಗೆಯೇ ಮಾತಾಡತೊಡಗುತ್ತದೆ. ನನ್ನನ್ನು ಒಂದು ಮಾತು ಕೇಳುವುದೂ ಇಲ್ಲ. ಮೂಗಿನಲ್ಲಿ ಮಾತಾಡುವ ಕಂಡಕ್ಟರನ ಹತ್ತಿರ ಟಿಕೆಟ್ ಕೇಳಿದರೆ ನನ್ನ ಮಾತೂ ಮೂಗಿನಿಂದಲೇ ಹೊರಡುತ್ತದೆ. ಅವನು ಚಿಲ್ಲರೆ ಇಲ್ಲವೆಂದು ದುರುಗುಟ್ಟುತ್ತಾನೆ. ಈ ಪೀಡೆ ತೊಲಗಲಿ ಎಂದು ಅವ್ವ ನನ್ನನ್ನು ವೈದ್ಯನಾಥಪುರದ ದೇವರ ಹತ್ತಿರವೂ ಕರೆದುಕೊಂಡು ಹೋಗಿದ್ದಳು. ಮದ್ದೂರಿಗೆ ವಾಪಸ್ಸಾಗುವ ಆಟೋದಲ್ಲಿ ನಾನು ಅರ್ಚಕರ ದನಿಯಲ್ಲಿ ಮಾತಾಡುತ್ತಿದ್ದೆ. ದೇವರು ಏನು ಮಾಡಿಯಾನು, ಪಾಪ. ಸ್ನೇಹಿತರು ಮಾತ್ರ ಇದನ್ನು ಪ್ರತಿಭೆ ಎನ್ನುತ್ತಾರೆ. ಯಾಕೆಂದರೆ ಅವರ ಮುಂದೆ ನಾನು ಅಣಕಿಸುವುದು ಬೇರೆಯವರನ್ನು. ಅವರು ಎದ್ದುಹೋದ ಮೇಲೆ ಅವರನ್ನು.

ಮಂಡ್ಯದಲ್ಲಿ ಪಂಪ್‌ಸೆಟ್ ಮಾರುವ ಒಂದು ಅಂಗಡಿಯಲ್ಲಿ ನನಗೆ ಕೆಲಸ. ಇಂಥ ಕಾಯಿಲೆಯವನಿಗೆ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸುತ್ತಲಿನ ಹಳ್ಳಿಗಳೆಲ್ಲ ಕೌಂಟರಿನ ಮುಂದೆ ಬಂದು ನಿಂತು ಮಾತಾಡುತ್ತವೆ. "ಇಸ್ಟಾರ್ಟರು ಸುಟ್ಟೋಗದೆ ಕಣಣ್ಣೋ, ಒಸಿ ನೋಡು" ಎನ್ನುತ್ತಾರೆ ಒಬ್ಬರು. "ಪಿಲಾಸ್ಟಿಕ್ಕು ಬ್ಯಾಡ ಬುಡು, ಕಬ್ಬುಣದ್ದೇ ಕೊಡು" ಎನ್ನುತ್ತಾರೆ ಇನ್ನೊಬ್ಬರು. ನಾನೂ ಅದೇ ಧಾಟಿಯಲ್ಲಿ "ಇಸ್ಟಾರ್ಟರು ಸುಟ್ಟಿಲ್ಲ, ಪೀಜು ಓಗದೆ ಅಷ್ಟೇಯ" ಎನ್ನುತ್ತೇನೆ. ಗಿರಾಕಿ ಖುಷಿಯಾಗಿ, ಇವನು ನಮ್ಮವನೇ ಎಂದುಕೊಂಡು ಎರಡು ವಾಲ್ವು ಹೆಚ್ಚಿಗೆ ಒಯ್ಯುತ್ತಾನೆ. ಮಾಲೀಕರಿಗೆ ಇದು ಸರಿಬರುವುದಿಲ್ಲ. "ಆಕ್ಚುಯಲಿ ಪ್ರಶಾಂತ್, ಯು ನೋ, ನಾವು ಕಸ್ಟಮರ್ ಹತ್ರ ಬೇಸಿಕಲಿ ಶುದ್ಧವಾಗಿ ಮಾತಾಡ್ಬೇಕು" ಎನ್ನುತ್ತಾರೆ. ಹಳ್ಳಿಯವರು ಪದದೊಳಗೆ ಒಂದು ಇಕಾರ ಸೇರಿಸಿದರೆ ಅಶುದ್ಧ. ಇವರು ಎರಡು ಪದಗಳ ನಡುವೆ ಇಡೀ ಇಂಗ್ಲಿಷ್ ಪದವನ್ನೇ ತಂದು ಕೂರಿಸಿದರೆ ಶುದ್ಧ. "ಆಕ್ಚುಯಲಿ ಹೌದು ಸಾರ್, ಬೇಸಿಕಲಿ ನಿಜ" ಎಂದೆ. ಅವರಿಗೆ ತಿಳಿಯಲಿಲ್ಲ. ಅಣಕಿಸಿಕೊಂಡವರಿಗೆ ಅದು ಅಣಕವೆಂದು ತಿಳಿಯದಿರುವುದೇ ನನ್ನ ಆಯಸ್ಸಿನ ಗುಟ್ಟು.

ಈ ಹೆಚ್ಚುವರಿ ಸದ್ದುಗಳ ವಿಷಯದಲ್ಲಿ ನನ್ನದೇ ಒಂದು ಸಿದ್ಧಾಂತವಿದೆ. ನಮ್ಮೂರು ಕೊತ್ತತ್ತಿಯಲ್ಲಿ ನಮ್ಮ ಗದ್ದೆ ನಾಲೆಯಿಂದಾಚೆ, ಮನೆ ನಾಲೆಯಿಂದೀಚೆ. ನನಗೆ ಪ್ರಶಾಂತ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರು ನಾಲೆ ದಾಟಿ ಯಾರನ್ನೂ ಕೂಗಿದವರಲ್ಲ. ನಮ್ಮವ್ವ ಕೂಗುವುದು "ಪರಸಾಂತಾ" ಎಂದು. ಪಕಾರ ರಕಾರ ಒಂದಕ್ಕೊಂದು ಮೆತ್ತಿಕೊಂಡು ಹೊರಟರೆ ಕಬ್ಬಿನ ಗದ್ದೆಯ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ನಡುವೆ ಒಂದು ಅಕಾರ ತುರುಕಿ ನೋಡಿ, ಹೆಸರಿಗೆ ಉಸಿರು ಬಂದು ಆಚೆ ದಡದವರೆಗೆ ನಡೆದುಹೋಗುತ್ತದೆ. ಮಳವಳ್ಳಿ ರೂಟಿನ ಖಾಸಗಿ ಬಸ್ಸಿನಲ್ಲಿ ಇಬ್ಬರು ಕೂತ ಸೀಟಿನ ಹತ್ತಿರ ಮೂರನೆಯವನು ಬಂದು "ಒಸಿ ಜರುಗ್ಕಳಿ" ಎನ್ನುವುದಿಲ್ಲವೇ? ಹಾಗೆಯೇ ಈ ಸ್ವರಗಳು. ಪ್ರಾಣದಲ್ಲಿ ಜರುಗಿಸಿಕೊಂಡು ಕೂತರೆ ಪಿರಾಣ, ಬ್ಯಾಂಕಿನ ಹಿಂದಿನ ಸೀಟು ಖಾಲಿ ಕಂಡರೆ ಅಲ್ಲೊಂದು ಉಕಾರ ಕೂತು ಬ್ಯಾಂಕು. ಸ್ಕೂಲಿನ ಬಾಗಿಲಲ್ಲೇ ನೂಕುನುಗ್ಗಲಾದರೆ ಫುಟ್‌ಬೋರ್ಡಿನ ಮೇಲೊಂದು ಇಕಾರ ನಿಂತು ಇಸ್ಕೂಲು.

ಇದನ್ನು ಕೇಳಿ ನಗುವವರನ್ನು ಕಂಡರೆ ನನಗೆ ನಗು ಬರುತ್ತದೆ. ಜನ್ಮ ಎಂಬುದನ್ನು ಜನುಮ ಎಂದು ಹಾರ್ಮೋನಿಯಂ ಮುಂದೆ ಕೂತು ಹೇಳಿದರೆ ಭಾವಗೀತೆ, ಕಣ್ಣು ಮುಚ್ಚಿ ತಲೆದೂಗುತ್ತಾರೆ. ಟ್ರಾಕ್ಟರನ್ನು ಟಿರಾಕ್ಟರು ಎಂದು ಟ್ರಾಕ್ಟರಿನ ಮೇಲೆಯೇ ಕೂತು ಹೇಳಿದರೆ ಗಮಾರತನ. ರತ್ನ ರತುನವಾದರೆ ಲಾಲಿತ್ಯ, ಪ್ಲೇಟು ಪಿಲೇಟಾದರೆ ಅಯ್ಯೋ ಪಾಪ. ಇನ್ನು ವ್ಯಾಕರಣದ ಮೇಷ್ಟರುಗಳ ವಿಷಯ ಕೇಳಲೇಬೇಡಿ. 'ಮನೆ' ಪಕ್ಕ 'ಅನ್ನು' ಬಂದರೆ ನಡುವೆ ಯಕಾರವೊಂದು ಬರುತ್ತದೆ, ಅದಕ್ಕೆ ಆಗಮ ಎಂದು ಹೆಸರು, ಎಂದು ಕಿವಿ ಹಿಂಡಿ ಕಲಿಸಿದವರು ಅವರೇ. ಯಕಾರ ಬಂದರೆ ಆಗಮನ, ತೋರಣ ಕಟ್ಟಿ ಸ್ವಾಗತ. ಪಾಪದ ಇಕಾರ ಇಸ್ಕೂಲಿಗೆ ಬಂದರೆ ಮಾತ್ರ ಗೇಟಿನ ಹೊರಗೆ ಮಂಡಿಯೂರಿ ನಿಲ್ಲಬೇಕು.

ಆದರೆ ಇವೆಲ್ಲವನ್ನೂ ಮೀರಿದ್ದು ಹಕಾರ. ನಮ್ಮ ಮಂಡ್ಯದ ಕಡೆ ಪದದ ಮೊದಲಿಗೆ ಬರುವ ಹಕಾರವನ್ನು ನಾವು ನುಂಗಿಬಿಡುತ್ತೇವೆಂದು ಎಲ್ಲರಿಗೂ ಗೊತ್ತು. ಆಲು ಕರೆದು, ಅಸು ಕಟ್ಟಿ, ಅಳ್ಳಿಯಿಂದ ಓಯ್ತೀವಿ. ಹೀಗೆ ದಿನವಿಡೀ ನುಂಗಿದ ಹಕಾರಗಳು ಹೋಗುವುದೆಲ್ಲಿಗೆ? ಎಲ್ಲೂ ಹೋಗುವುದಿಲ್ಲ, ಹೊಟ್ಟೆಯಲ್ಲೇ ಇರುತ್ತವೆ. ಮೈಕು ಕೈಗೆ ಸಿಕ್ಕ ದಿನ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ದಿನ, ಪರವೂರಿನ ದೊಡ್ಡ ಮನುಷ್ಯರ ಮುಂದೆ ನಿಂತ ದಿನ ಅಷ್ಟೂ ಒಟ್ಟಿಗೆ ಮೇಲೆ ಬರುತ್ತವೆ. ಎಲ್ಲಿ ಇಳಿಯಬೇಕೆಂದು ತಿಳಿಯದೆ ಸಿಕ್ಕಸಿಕ್ಕ ಸ್ವರದ ಹೆಗಲೇರಿ ಕೂರುತ್ತವೆ. ಆಗ ಅಧ್ಯಕ್ಷರು ಹಧ್ಯಕ್ಷರಾಗುತ್ತಾರೆ, ಊಟ ಹೂಟವಾಗುತ್ತದೆ. ಹಕಾರ ಬಿಡುವುದು ತಪ್ಪೆಂದು ಯಾರೋ ಯಾವಾಗಲೋ ನಕ್ಕದ್ದು ನಮ್ಮವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದ್ದರಿಂದ ಮರ್ಯಾದೆಯ ಸಂದರ್ಭದಲ್ಲಿ ಯಾವುದಕ್ಕೂ ಇರಲಿ ಎಂದು ಎಲ್ಲ ಕಡೆಯೂ ಒಂದೊಂದು ಹಾಕಿಬಿಡುತ್ತಾರೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ ಈ ಹಕಾರದ ದೆಸೆಯಿಂದ ನನ್ನ ಮದುವೆ ತೂಗುಯ್ಯಾಲೆಯಲ್ಲಿತ್ತು. ಮಂಡ್ಯದ ಕಡೆ ಈಗ ಗಂಡಿಗೆ ಹೆಣ್ಣು ಸಿಗುವುದೆಂದರೆ ಬೇಸಿಗೆಯಲ್ಲಿ ಕೊನೇ ಗದ್ದೆಗೆ ನಾಲೆ ನೀರು ಸಿಕ್ಕ ಹಾಗೆ. ಗದ್ದೆ ಇದ್ದವನಿಗೆ ನೌಕರಿ ಇಲ್ಲವೆನ್ನುತ್ತಾರೆ, ನೌಕರಿ ಇದ್ದವನಿಗೆ ಅದು ಸರಕಾರದ್ದಲ್ಲವೆನ್ನುತ್ತಾರೆ. ನನಗೆ ಇವೆರಡರ ಜೊತೆ ಇನ್ನೊಂದು: "ಉಡ್ಗ ಎಲ್ರುನೂವೆ ಆಡ್ಕತಾನಂತೆ." ಈ ಖ್ಯಾತಿ ನನಗಿಂತ ಮೊದಲೇ ಬಸ್ಸು ಹತ್ತಿ ಊರೂರು ತಲುಪುತ್ತಿತ್ತು. ಅಂಥದ್ದರಲ್ಲಿ ಅವ್ವನ ತಮ್ಮ, ನನ್ನ ಹನಕೆರೆ ಮಾವ, ಮಳವಳ್ಳಿಯ ಕಡೆಯಿಂದ ಒಂದು ಸಂಬಂಧ ತಂದ. ಹುಡುಗಿ ಸುಚಿತ್ರ, ಮಳವಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಹೋಗಿ ನೋಡಿ ಬಂದೆವು. ನಾನು ಅಲ್ಲಿ ಕಾಫಿ ಲೋಟದೊಳಗೇ ಮುಖವಿಟ್ಟುಕೊಂಡು ಬಾಯಿ ಉಳಿಸಿಕೊಂಡಿದ್ದೆ. ಆಕೆ ಒಮ್ಮೆ ನನ್ನತ್ತ ನೋಡಿ ನಕ್ಕಳು. ಆವತ್ತಿನಿಂದ ಅಂಗಡಿಯಲ್ಲಿ ಇಸ್ಟಾರ್ಟರು ಕೇಳಿದವರಿಗೆಲ್ಲ ಫೂಟ್‌ವಾಲ್ವು ಕೊಡುತ್ತಿದ್ದೆ. ಇದೊಂದು ಕೈತಪ್ಪಿದರೆ ನಾನು ಉಳಿದವರನ್ನೆಲ್ಲ ಅಣಕಿಸಿಕೊಂಡು ಒಂಟಿಯಾಗಿ ಮುದುಕನಾಗುವುದು ಖಂಡಿತವಾಗಿತ್ತು.

ಇನ್ನು ಉಳಿದದ್ದು ಹೆಣ್ಣಿನವರು ನಮ್ಮ ಮನೆ ನೋಡಲು ಬರುವ ಶಾಸ್ತ್ರ. ಹುಡುಗಿ ಬರುವಂತಿಲ್ಲ, ಹಿರಿಯರು ಬಂದು ಕೊಟ್ಟಿಗೆ, ಬೋರು, ಬಚ್ಚಲು ಎಲ್ಲವನ್ನೂ ನೋಡಿ ನಡುಮನೆಯಲ್ಲಿ ಕೂರುತ್ತಾರೆ. ಅವರ ಮುಂದೆ ತಟ್ಟೆಯಲ್ಲಿ ಸಿಹಿ, ಖಾರ ಎರಡನ್ನೂ ಇಡಬೇಕು. ಆದರೆ ಸಂಬಂಧ ಮನಸ್ಸಿಗೆ ಬಾರದೆ ಆ ಮನೆಯ ಉಪ್ಪು ತಿನ್ನಬಾರದೆಂದು ನಮ್ಮ ಕಡೆಯ ಮನೆತನಗಳಲ್ಲೆಲ್ಲ ಕಟ್ಟಳೆ. ಬಾಳೆಹಣ್ಣು, ಕಾಫಿಗೆ ಅಡ್ಡಿಯಿಲ್ಲ. ಒಪ್ಪಿಗೆಯನ್ನೋ ತಿರಸ್ಕಾರವನ್ನೋ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಖಾರಕ್ಕೆ ಕೈಹಾಕಿದರೋ, ಒಪ್ಪಿದರು. ಬಾಳೆಹಣ್ಣು ತಿಂದು ಕೈ ಒರೆಸಿಕೊಂಡರೋ, ಮುಗಿಯಿತು. ನಮ್ಮಲ್ಲಿ ಖಾರಕ್ಕೆ ಮದ್ದೂರು ವಡೆ. ಈ ಹಿಂದೆ ಬಂದಿದ್ದವರೆಲ್ಲ ಮುಟ್ಟದೆ ಬಿಟ್ಟುಹೋದ ವಡೆಗಳನ್ನು ತಿಂದು ತಿಂದೇ ನನಗೆ ಇಷ್ಟು ಹೊಟ್ಟೆ ಬಂದಿರುವುದು. ಮಿಕ್ಕವರು ಸುಖದಿಂದ ದಪ್ಪಗಾಗುತ್ತಾರೆ, ನಾನು ತಿರಸ್ಕಾರದಿಂದ.

ಆವತ್ತು ಬೆಳಗ್ಗೆ ಅವ್ವ ನನ್ನನ್ನು ಒಲೆಯ ಹತ್ತಿರ ಕರೆದು ಸೌಟು ತೋರಿಸಿದಳು. "ನೋಡ್ಲಾ, ಬಂದೋರು ಏನಾರ ಕೇಳುದ್ರೆ ಊ ಅನ್ನು, ಇಲ್ಲಾಂದ್ರೆ ಊಊಂ ಅನ್ನು. ಮೂರ್ನೇ ಸಬುದ ಬಾಯಿಂದ ಈಚಿಗೆ ಬಂದ್ರೆ ನಿಂಗೆ ನಾನೇ ಮೈಲಿಗೆ ತೆಗುದ್ಬುಡ್ತೀನಿ."

"ಮೈಲಿಗೆ ಯಾಕೆ ತೆಗೀತೀಯವ್ವ, ನಾನೇನ್ ಸತ್ತೋಗಿದ್ದೀನಾ?"

"ಬಾಯಿ ಬುಟ್ರೆ ಸತ್ತಂಗೇಯ, ಸುಮ್ಕಿರು."

ಅಪ್ಪ ಹೊರಗೆ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿ ಕತ್ತಿನ ಹತ್ತಿರ ಬಂದಂತೆಲ್ಲ ಅವನ ಗಂಟಲಿನಲ್ಲಿ ಏನೋ ಏಳುತ್ತಿರುವುದು ನನಗೆ ಕಾಣಿಸಿತು. ಕಾರು ಬಂದು ನಿಂತದ್ದೇ ತಡ, ನನ್ನ ಜೀವಮಾನದಲ್ಲಿ ಒಂದು ಹಕಾರವನ್ನೂ ಖರ್ಚು ಮಾಡದಿದ್ದ ಅಪ್ಪ ಕೈಮುಗಿದು, "ಬರಬೇಕು, ಬರಬೇಕು, ಹೊಳಗೆ ಬನ್ನಿ" ಎಂದುಬಿಟ್ಟ. ನಾನು ಕಂಬ ಹಿಡಿದುಕೊಂಡೆ.

ಕಾರಿನಿಂದ ಇಳಿದವರು ಇಬ್ಬರು. ಹುಡುಗಿಯ ತಂದೆ ಪುಟ್ಟಸ್ವಾಮೇಗೌಡರು, ಮತ್ತು ಅವರ ಅಕ್ಕ ನಿಂಗಮ್ಮ. ಗೌಡರು ತಮ್ಮೂರಿನ ಹಾಲಿನ ಸಂಘದಲ್ಲಿ ಡೈರೆಕ್ಟರಾಗಿದ್ದವರು, ವರ್ಷಕ್ಕೊಮ್ಮೆಯಾದರೂ ಮೈಕು ಹಿಡಿದವರು. ಒಳಗೆ ಬರುತ್ತಲೇ ಸುತ್ತ ನೋಡಿ, "ಹಚ್ಚುಕಟ್ಟಾಗಿದೆ. ಹೆಷ್ಟು ಹಂಕಣದ ಮನೆ?" ಎಂದರು. ಅಪ್ಪ "ಹೈದು ಹಂಕಣ" ಎಂದ. "ಹೆತ್ತು?" "ಹೆತ್ತು ಹೆರಡು ಜೊತೆ." ಇಬ್ಬರು ಹಿರಿಯರು ಎಲೆಅಡಿಕೆ ಬದಲಾಯಿಸಿಕೊಳ್ಳುವ ಹಾಗೆ ಹಕಾರಗಳನ್ನು ಬದಲಾಯಿಸಿಕೊಳ್ಳುತ್ತಾ ಕೂತರು. ಹನಕೆರೆ ಮಾವ ನನ್ನ ಮುಖ ನೋಡಿದ. ಅವನಿಗೆ ನನ್ನ ಕಾಯಿಲೆಯ ಲಕ್ಷಣಗಳೆಲ್ಲ ಗೊತ್ತು: ಮೊದಲು ತುಟಿ ಅದುರುತ್ತದೆ, ಆಮೇಲೆ ಹುಬ್ಬು ಎದುರಿನವರ ಹುಬ್ಬಿನಂತೆ ಏಳುತ್ತದೆ. ಹುಬ್ಬು ಎದ್ದಿತ್ತು. ಮಾವ ನನ್ನ ಕಾಲು ತುಳಿದ. ನಾನು ಅಂಗಡಿಯ ರೇಟುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅವೂ ಹಕಾರದಿಂದಲೇ ಶುರುವಾಗತೊಡಗಿದವು.

ಅವ್ವ ತಟ್ಟೆ ತಂದಿಟ್ಟಳು. ಗೌಡರು ಬಾಳೆಹಣ್ಣು ಸುಲಿದರು. ವಡೆಯನ್ನು ನೋಡಲೂ ಇಲ್ಲ. ಹಣ್ಣು ಮುಗಿಯಿತು, ಸಿಪ್ಪೆ ತಟ್ಟೆಯಂಚಿಗೆ ಬಂತು, ಕೈ ಜೇಬಿನ ಕರ್ಚೀಫಿನತ್ತ ಹೋಗುತ್ತಿತ್ತು. ಹೋಗುತ್ತಿದ್ದ ಕೈ ಅರ್ಧದಲ್ಲಿ ನಿಂತು, ಅವರು ನನ್ನ ಕಡೆ ತಿರುಗಿದರು. "ಹೇನಪ್ಪಾ, ನಿನ್ನ ಹಂಗಡಿ ಹೆಲ್ಲಿ ಬರುತ್ತೆ?"

ಇದಕ್ಕೆ ಹೂಂ ಎನ್ನಲು ಬರುವುದಿಲ್ಲ, ಉಹೂಂ ಎನ್ನಲೂ ಬರುವುದಿಲ್ಲ. ಬಾಯಿ ತೆರೆದೆ. ಮುಂದಿನದು ನನ್ನ ಕೈಯಲ್ಲಿರಲಿಲ್ಲ. "ಮಂಡ್ಯದಲ್ಲೇ ಹದೆ ಸಾರ್. ಬಸ್ ಇಸ್ಟಾಂಡಿನ ಹೆದುರುಗಡೆ. ಹಲ್ಲಿಂದ ಹೆಡಕ್ಕೆ ತಿರುಗಿದ್ರೆ ಹಾರನೇ ಹಂಗಡಿ."

ಅಡುಗೆಮನೆಯ ಬಾಗಿಲಲ್ಲಿ ಅವ್ವನ ಕೈಯ ಸೌಟು ತಣ್ಣಗೆ ಮೇಲೆದ್ದಿತು. ಮಾವ ಕಣ್ಣು ಮುಚ್ಚಿದ. ಹುಬ್ಬಿನಿಂದ ಹಿಡಿದು ಕತ್ತಿನ ಕೊಂಕಿನವರೆಗೆ ಗೌಡರನ್ನು ಅಚ್ಚೊತ್ತಿದಂತೆ ಇಳಿಸಿಬಿಟ್ಟಿದ್ದೆ. ಸುಚಿತ್ರ ಟೀಚರು ಬೇರೆ ಯಾರದೋ ಮನೆಯಲ್ಲಿ ಕಾಫಿ ಮಾಡುವುದು ನನ್ನ ಕಣ್ಣಮುಂದೆ ಕಟ್ಟಿತು. ಗೌಡರು ಕಣ್ಣು ಕಿರಿದಾಗಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಅಕ್ಕನ ಕಡೆ ತಿರುಗಿದರು.

"ಅಕ್ಕಯ್ಯಾ, ಕೇಳುದ್ಯಾ? ಗಂಡು ಅಂದ್ರೆ ಇಂಗ್ ಮಾತಾಡ್ಬೇಕು ನೋಡು. ಎಷ್ಟು ಸುದ್ದವಾಗಿ! ಈಗಿನ್ ಐಕ್ಳು ಬಾಯಲ್ಲಿ ಹಕಾರನೇ ಬರಾಕಿಲ್ಲ."

ಎಂದವರೇ ವಡೆ ತೆಗೆದುಕೊಂಡು ಕರುಂ ಎಂದು ಕಚ್ಚಿದರು. ಆ ಸದ್ದು ಕೇಳಿ ಅಪ್ಪನ ಕಣ್ಣಲ್ಲಿ ನೀರು ಬಂತು. ಗಮನಿಸಿ, ಸಂತೋಷವಾದ ಕೂಡಲೇ ಗೌಡರ ಹಕಾರಗಳೆಲ್ಲ ಚಪ್ಪಲಿ ಹಾಕಿಕೊಂಡು ಹೊರಟುಹೋಗಿದ್ದವು. ಅವು ಬರುವುದು ಭಯಕ್ಕೆ, ಇಸ್ತ್ರಿಗೆ. ಆದರೆ ಆಗ ಅದನ್ನೆಲ್ಲ ವಿಶ್ಲೇಷಿಸಲು ನನಗೆ ಪುರುಸೊತ್ತಿರಲಿಲ್ಲ. ಯಾಕೆಂದರೆ ನಿಂಗಮ್ಮ ನನ್ನನ್ನೇ ನೋಡುತ್ತಿದ್ದಳು. "ನಂಗೆ ಅಲ್ಲಿಲ್ಲ ಕಣಮ್ಮ" ಎಂದು ಅವ್ವನಿಗೆ ಹೇಳಿ, ವಡೆಯನ್ನು ಕಾಫಿಯಲ್ಲಿ ಅದ್ದಿ, ಸೆರಗಿನ ಮರೆಯಲ್ಲಿ ಮೈಯೆಲ್ಲ ಅಲುಗಿಸುತ್ತಾ ತಿಂದಳು. ಅಷ್ಟು ಅಲುಗುವಂಥ ವಡೆಯಲ್ಲ ಅದು. ಹೊರಡುವಾಗ ನನ್ನ ಗಲ್ಲ ಚಿವುಟಿ, "ಎಲಾ ಕಳ್ನನ್ ಮಗನೇ" ಎಂದಳು, ಬೇರೆ ಯಾರಿಗೂ ಕೇಳದ ಹಾಗೆ.

ಆವತ್ತಿನಿಂದ ಗೌಡರು ದಿನವೂ ಫೋನು ಮಾಡುತ್ತಾರೆ. "ಹಳಿಯಂದ್ರೇ, ಹೂಟ ಆಯ್ತಾ?" "ಹಾಯ್ತು ಮಾವ." ಅವರು ಇಟ್ಟಮೇಲೆ ನನ್ನ ದವಡೆ ನೋಯುತ್ತಿರುತ್ತದೆ. ಅಣಕಿಸುವುದು ಸುಲಭ, ಅರ್ಧ ನಿಮಿಷ ಮಾಡಿ ನಕ್ಕು ಬಿಟ್ಟುಬಿಡಬಹುದು. ಅದನ್ನೇ ಜೀವನೋಪಾಯ ಮಾಡಿಕೊಂಡು ಸಾಯುವವರೆಗೂ ಮಾವನ ಮುಂದೆ ನಡೆಸಿಕೊಂಡು ಹೋಗಬೇಕೆಂದರೆ ಎಷ್ಟು ಹಕಾರ ಬೇಕು! ಬೆಳಗ್ಗೆ ಎದ್ದು ಹಲ್ಲುಜ್ಜುವಾಗಲೇ ಕೂಡಿಡಬೇಕು. ನಿಜ ಹೇಳಿಬಿಡೋಣವೆಂದರೆ, ತಿಂದ ವಡೆಯನ್ನು ವಾಪಸ್ಸು ಕೊಡುವ ಶಾಸ್ತ್ರ ನಮ್ಮಲ್ಲಿಲ್ಲ.

ಹೀಗಿರುವಾಗ ಒಂದು ಸಂಜೆ ಸುಚಿತ್ರ ಟೀಚರೇ ಫೋನು ಮಾಡಿದರು. ಪೀಠಿಕೆ ಏನೂ ಇಲ್ಲ. "ನಮ್ಮಪ್ಪನ್ನ ಅಣಕಿಸಿದ್ರಂತಲ್ಲ. ಅತ್ತೆ ಎಲ್ಲಾ ಹೇಳಿದ್ರು."

"ಇಲ್ಲ, ಹದು…" ಎಂದೆ. ಇನ್ನೇನು ಹೇಳಲಿ, ಅದೂ ಗೌಡರ ದನಿಯಲ್ಲೇ ಹೊರಟಿತ್ತು.

"ನೋಡಿ, ಅಪ್ಪ ಒಪ್ಪಿರೋದು ಅವ್ರ್ ಥರ ಮಾತಾಡೋ ಹುಡುಗನ್ನ. ಮನೇಲಿ ಒಬ್ಬ ಅಪ್ಪ ಇದ್ದಾರೆ, ಇನ್ನೊಬ್ರು ನಂಗೆ ಬೇಡ. ನೀವು ನಿಮ್ಮ ದನೀಲಿ ಒಂದೆರಡು ಮಾತಾಡಿ. ಕೇಳಿ ಆಮೇಲೆ ನಾನು ಹೂಂ ಅಂತೀನೋ ಇಲ್ವೋ ಹೇಳ್ತೀನಿ."

ಇಷ್ಟು ಸುಲಭದ ಪರೀಕ್ಷೆಯೇ ಎಂದುಕೊಂಡು ಶುರು ಮಾಡಿದೆ. "ಆಕ್ಚುಯಲಿ ಸುಚಿತ್ರ ಅವ್ರೇ, ಬೇಸಿಕಲಿ ನಾನು…" "ಇದು ಯಾರೋ ಅಂಗಡಿಯೋರು" ಎಂದರು. ಗಂಟಲು ಸರಿಮಾಡಿಕೊಂಡು ಇನ್ನೊಂದು ತೆಗೆದೆ. "ಇದು ನಿಮ್ಮ ಹನಕೆರೆ ಮಾವ, ಅವತ್ತು ಬಂದಿದ್ರಲ್ಲ." ಇನ್ನೊಂದು. "ಇದು ಕಂಡಕ್ಟರು." ಒಂದೊಂದಾಗಿ ನನ್ನ ಸಂತೆಯ ಸರಕೆಲ್ಲ ಮುಗಿಯಿತು. ಚೀಲ ಕೊಡವಿದೆ, ತಳದಲ್ಲಿ ಏನೂ ಇರಲಿಲ್ಲ. ಊರಿನವರ ದನಿಯೆಲ್ಲ ಎತ್ತಿ ಇಟ್ಟುಕೊಂಡವನು ನನ್ನದನ್ನು ಎಲ್ಲಿ ಇಟ್ಟೆನೆಂದು ಮರೆತಿದ್ದೆ. ಅವರು ಇಟ್ಟುಬಿಡುತ್ತಾರೆಂದು ಗಾಬರಿಯಾಗಿ, "ಅದೂ… ಏನಂದ್ರೇ… ವೊಂದು ನಿಮಿಷ ಇರಿ, ಇಡ್ಬೇಡಿ, ನಿಮ್ಮನ್ನ ನೋಡ್ದಾಗಿಂದ ನಂಗೆ ಕೆಲ್ಸದ್ ಮೇಲೆ ಗ್ಯಾನ ಇಲ್ಲ" ಎಂದೆ.

"ಹಾಂ" ಎಂದರು. "ಇದು ಯಾರದೂ ಅಲ್ಲ. 'ಒಂದು' ಅನ್ನೋಕೆ ಬರಲ್ವಾ ನಿಮಗೆ? ಮುಂದೆ ಒಂದು ವಕಾರ ಸೇರಿಸ್ಕೊಂಡು 'ವೊಂದು' ಅಂದ್ರಿ. ಇರ್ಲಿ ಬಿಡಿ, ಆ ವಕಾರ ಚೆನ್ನಾಗಿದೆ. ಅಪ್ಪಂಗೆ ನಾನು ಹೂಂ ಅಂತೀನಿ. ಆದ್ರೆ ಮದ್ವೆ ಆದ್ಮೇಲೆ ನಮ್ಮನೇಲಿ ಈ ದನೀಲೇ ಮಾತಾಡ್ಬೇಕು. ಅಪ್ಪನ ಹತ್ರ ಏನಾದ್ರೂ ಮಾಡ್ಕೊಳಿ."

ಹೀಗೆ ನನ್ನ ಮದುವೆ ಗಟ್ಟಿಯಾಯಿತು, ಮಾವನಿಗೊಂದು ದನಿ, ಹೆಂಡತಿಗೊಂದು ದನಿ ಎಂಬ ಕರಾರಿನ ಮೇಲೆ. ಮಾವನ ದನಿಗೆ ತೊಂದರೆಯಿಲ್ಲ, ಅದು ಬಾಯಿಪಾಠ. ಕಷ್ಟವಿರುವುದು ನನ್ನದಕ್ಕೆ. ಆವತ್ತು ಗಾಬರಿಯಲ್ಲಿ ಅಕಸ್ಮಾತ್ತಾಗಿ ಹೊರಟದ್ದು, ಬೇಕೆಂದಾಗ ಬರುವುದಿಲ್ಲ. ಹಾಗಾಗಿ ಈಗ ಸಂಜೆ ಕೆಲಸ ಮುಗಿಸಿ ಬಂದಮೇಲೆ ನಾಲೆಯ ಏರಿಯ ಮೇಲೆ ಒಬ್ಬನೇ ಕೂತು ಅಭ್ಯಾಸ ಮಾಡುತ್ತೇನೆ. ನಿನ್ನೆ ಹುಲ್ಲಿನ ಹೊರೆ ಹೊತ್ತುಕೊಂಡು ಅದೇ ದಾರಿಯಲ್ಲಿ ಬಂದ ಅವ್ವ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಇದ್ಯಾರ ತರ ಮಾಡ್ತಿದ್ದೀಯ್ಲಾ?"

"ನನ್ ತರನೇ ಕಣವ್ವ."

ಅವ್ವ ಇನ್ನೊಂದು ಗಳಿಗೆ ಕಿವಿಗೊಟ್ಟು, ಹೊರೆ ಸರಿಮಾಡಿಕೊಂಡು ಹೊರಟಳು. "ನಿಂಗೆ ವಸಿನೂ ಒಂದಾಕಿಲ್ಲ, ಬುಡು. ಬ್ಯಾರೆ ಯಾರ್ದಾರ ಮಾಡು."